ಮನೆ ಇಲ್ಲದ ಬಾಗಿಲು

ಈ ಊರು ಎಲ್ಲೈತೆ ಅಂತ ಕೇಳಬೇಡಿ. ಅಗಲವಾದ ಹೊಳೆಯೊಂದು ಸಮುದ್ರಕ್ಕೆ ಬಾಯಿ ಬಿಡೋ ಕಡೆ, ಕೆಂಪು ಮಣ್ಣಲ್ಲಿ, ಒಂದು ದೊಡ್ಡ ಬೂರುಗದ ಮರದ ಸುತ್ತ ಐತೆ ಅಂದ್ಕೊಳ್ಳಿ, ಸಾಕು. ಹೋಗಿ ನೋಡ್ಕೊಂಡು ಬರೋ ಊರಲ್ಲ ಇದು. ಕೂತು ಕೇಳೋ ಊರು.

ಆ ಊರಿಗೆ ಒಂದು ಕಟ್ಟಳೆ ಇತ್ತು. ಯಾರ ಮನೆಗೇ ಹೋಗ್ಲಿ, ಬಾಗಿಲು ತಟ್ಟಬೇಕು. ತಟ್ಟಿದ್ರೆ ಒಳಗಿರೋರು "ಯಾರದು?" ಅನ್ನಬೇಕು. ಹೊರಗಿರೋರು "ನಾನು" ಅನ್ನಬೇಕು. ಅಷ್ಟೇ. ಹೆಸರು ಹೇಳಂಗಿಲ್ಲ. ಯಾರ ಮಗ, ಯಾವ ಬೀದಿ, ಏನೂ ಹೇಳಂಗಿಲ್ಲ. ಆ "ನಾನು" ಅನ್ನೋ ಸ್ವರದ ಗುರುತು ಹತ್ತಿದ್ರೆ ಬಾಗಿಲು ತೆಗೀತಿದ್ರು. ಹತ್ತಲಿಲ್ಲ ಅಂದ್ರೆ ಇಲ್ಲ. ಅದಕ್ಕೆ ಮುನಿಸಿಲ್ಲ, ಜಗಳ ಇಲ್ಲ. ಗುರುತು ಹತ್ತದ "ನಾನು" ಬಂದ ದಾರೀಲೇ ವಾಪಸ್ ಹೋಗ್ತಿತ್ತು.

ಊರಿನ ಬಾಗಿಲಷ್ಟನ್ನೂ ಮಾಡಿದ್ದು ಒಬ್ಬನೇ ಬಡಗಿ. ಬಾಗಿಲ ತಾತ ಅಂತ ಕರೆಯೋರು. ಓದಿಲ್ಲ ಬರೆದಿಲ್ಲ, ಬಾಯಿ ಮಾತ್ರ ಹೊಳೆಗಿಂತ ಅಗಲ. "ಬಿರುಗಾಳಿ ಬಂತು, ಸೂರು ಹಾರಿತು, ನಾಕು ಗೋಡೆನೂ ಮಲಗಿದ್ವು. ನಾನು ಮಾಡಿದ ಬಾಗಿಲು ಅಗಳಿ ಹಾಕ್ಕೊಂಡು ಬಯಲಲ್ಲಿ ಒಂದೇ ನಿಂತಿತ್ತು. ಮನೆ ಯಜಮಾನ ಬಂದು ತಟ್ಟಿ ಒಳಗೆ ಹೋದ," ಅಂತ ಹೇಳೋನು. ಕೇಳಿದೋರು ಬಿದ್ದು ಬಿದ್ದು ನಗೋರು. ಅವನು ನಗ್ತಿರಲಿಲ್ಲ.

ಅವನ ಮನೆ ಬಾಗಿಲೇ ಊರಿಗೆಲ್ಲ ದೊಡ್ಡದು. ಒಂದೇ ಮರದ ಒಂದೇ ಹಲಗೆ, ಎಣ್ಣೆ ಕುಡಿದು ಕುಡಿದು ಜೇನಿನ ಬಣ್ಣಕ್ಕೆ ತಿರುಗಿತ್ತು. ಅದಕ್ಕಿದ್ದ ಕುಂದು ಒಂದೇ. ಹೊರಮೈ ಮೇಲೆ, ಕೆಳಗಡೆ, ಮಗುವಿನ ಹಿಮ್ಮಡಿ ಹಿಡಿಸೋವಷ್ಟು ಒಂದು ತಗ್ಗು ಬಿದ್ದಿತ್ತು. ಅದು ಮೊಮ್ಮಗಳ ಕೆಲಸ. ಹೊಳೆಯಿಂದ ನೀರು ತರೋಳು. ತಲೆ ಮೇಲೆ ಬಿಂದಿಗೆ, ಬಿಂದಿಗೆ ಮೇಲೆ ಎರಡೂ ಕೈ. ಬಂದೋಳೇ ತಿರುಗಿ ನಿಂತು ಹಿಮ್ಮಡೀಲಿ ಧಡ್ ಧಡ್ ಅಂತ ಒದೆಯೋಳು.

"ಯಾರದು?"

"ನಾನು."

"ಕಾಲಲ್ಲಿ ಒದೀಬೇಡ ಅಂತ ಎಷ್ಟು ಸಲ ಹೇಳಿದೀನಿ ನಿಂಗೆ?"

"ಕೈ ಖಾಲಿ ಇಲ್ಲ ತಾತ."

ದಿನ ಬೆಳಗಾದ್ರೆ ಇದೇ ಮಾತು. ಬೈಕೊಂಡೇ ಎದ್ದು ತೆಗೆಯೋನು. ಬೈಯೋದಕ್ಕೇ ಕಾಯ್ಕೊಂಡು ಕೂತಿರ್ತಾನೆ ಮುದುಕ ಅಂತ ಬೀದಿಯೋರು ಆಡ್ಕೊಳ್ಳೋರು.

ಆಮೇಲೆ ಕೋವಿ ಕಾಲ ಬಂತು.

ಕೋವಿ ಹಿಡ್ಕೊಂಡು ಬಂದೋರು ಹೊರಗಿನೋರಾಗಿದ್ರೆ ಊರು ಉಳ್ಕೊಳ್ತಿತ್ತು. ಬಂದೋರು ಇದೇ ಊರಿನ ಹುಡುಗ್ರು. ಬಾಗಿಲು ತಟ್ಟಿದ್ರು. "ಯಾರದು?" ಅಂದ್ರು ಒಳಗಿನೋರು. "ನಾನು" ಅಂದ್ರು. ಗುರುತಿನ ಸ್ವರ. ಎತ್ತಿ ಆಡಿಸಿದ ಸ್ವರ. ತೆಗೆದ್ರು. ತೆಗೆದ ಮನೆಯೆಲ್ಲ ಹಾಳಾಯ್ತು. ಶಾಲೆಗೆ ಬೆಂಕಿ ಬಿತ್ತು. ಬೆಂಚು ಸುಟ್ಟು ಅನ್ನ ಬೇಯಿಸ್ಕೊಂಡ್ರು, ಪುಸ್ತಕ ಹರಿದು ಬೀಡಿ ಸುತ್ಕೊಂಡ್ರು. ಮಕ್ಕಳನ್ನ ಹಿಡ್ಕೊಂಡು ಹೋದ್ರು, ಹೆಗಲಿಗೆ ಕೋವಿ ಹೊರೋಕೆ, ತಲೆಗೆ ಮೂಟೆ ಹೊರೋಕೆ. ಆವತ್ತು ತಾತ ಬಾಗಿಲ ಒಳಗಡೆ ಕೂತು ಎರಡು ಒದೆತಕ್ಕೆ ಕಾಯ್ತಿದ್ದ. ಒದೆತ ಬೀಳಲಿಲ್ಲ. ಹೊಳೆ ದಡದಲ್ಲಿ ಬಿಂದಿಗೆ ಮಾತ್ರ ಸಿಕ್ತು.

ಕೋವಿ ಕಾಲ ಎಷ್ಟು ವರ್ಷ ನಡೀತು ಅಂತ ಲೆಕ್ಕ ಇಟ್ಟೋರು ಯಾರೂ ಇಲ್ಲ. ಮುಗೀತು. ಕೋವಿಗಳನ್ನ ಗುಂಡಿ ತೋಡಿ ಹೂತ್ರು, ಮೇಲೆ ಬಾಳೆ ನೆಟ್ರು. ಆದ್ರೆ ಊರಿನ ಬಾಗಿಲು ಮಾತ್ರ ಒಂದೂ ಸಲೀಸಾಗಿ ತೆಗೀಲಿಲ್ಲ. ಮಕ್ಕಳನ್ನ ಒಳಗೆ ಕೂಡಿ ಅಗಳಿ ಹಾಕ್ಕೊಂಡ್ರು ಜನ.

ಹೋಗಿದ್ದ ಮಕ್ಕಳು ಒಬ್ಬೊಬ್ಬರೇ ಹೊಳೆ ದಾಟಿ ಬಂದ್ರು. ತಮ್ಮ ತಮ್ಮ ಮನೆ ಬಾಗಿಲು ತಟ್ಟಿದ್ರು. "ನಾನು" ಅಂದ್ರು. ಹೊಗೆ ಕುಡಿದ ಸ್ವರ, ಒಡೆದ ಸ್ವರ, ಹೋದಾಗ ಎಳೆಯದಾಗಿದ್ದು ಬಂದಾಗ ಬಲಿತಿದ್ದ ಸ್ವರ. ಕೆಲವರ ಗುರುತು ಹತ್ತಿತು, ಮನೆ ಸೇರ್ಕೊಂಡ್ರು. ಮಿಕ್ಕೋರ ಗುರುತು ಹತ್ತಲಿಲ್ಲ. ಅವರು ವಾಪಸ್ ಹೊಳೆ ದಾಟಿ ಆಚೆ ದಡದಲ್ಲಿ ಗುಡಿಸಲು ಹಾಕ್ಕೊಂಡ್ರು. ಸಾಯಂಕಾಲ ಆದ್ರೆ ಆ ದಡದಲ್ಲಿ ಹೊಗೆ ಏಳೋದು ಈ ದಡಕ್ಕೆ ಕಾಣೋದು. ನೋಡಿಯೂ ನೋಡದಂಗೆ ಇರೋರು.

ತಾತ ಮಾತ್ರ ನೋಡ್ತಿದ್ದ. ದೋಣಿ ನಡೆಸೋನನ್ನ ದಡದಲ್ಲೇ ತಡೀತಿದ್ದ. "ಬಂದ್ಲಾ?"

"ಇಲ್ಲ ತಾತ."

"ಬಂದ್ರೆ ನಂಗೆ ಗೊತ್ತಾಗ್ದೇ ಇರ್ತದಾ? ಸಾವಿರ ಸ್ವರದಲ್ಲಿ ಅವಳದನ್ನ ಹೆಕ್ಕಿ ತೆಗೀತೀನಿ. ಈ ಕಿವಿ ಅಂದ್ರೆ ಏನು ಅಂದ್ಕೊಂಡೆ? ಮರ ಬಡಿದು ಒಳಗೆ ಹುಳ ಐತಾ ಇಲ್ವಾ ಅಂತ ಹೇಳೋ ಕಿವಿ ಇದು."

ದೋಣಿಯೋನು ಹುಟ್ಟು ಹಾಕ್ಕೊಂಡು ಹೋಗ್ತಿದ್ದ. ಮನೆಗೆ ಬಂದು ಅಗಳಿ ಹಾಕ್ಕೊಂಡ ಮೇಲೆ ತಾತನಿಗೆ ಒಂದೇ ಹೆದರಿಕೆ. ಅವಳು ಬಂದು "ನಾನು" ಅಂದು, ತನಗೆ ಗುರುತು ಹತ್ತದೇ ಹೋದ್ರೆ?

ಇಂಥ ಊರಿಗೆ ಒಂದು ದಿನ ಅಕ್ಷರದಮ್ಮ ಬಂದ್ಲು. ಬೇರೆ ಸೀಮೆಯೋಳು. ಬೆನ್ನಿಗೊಂದು ಗಂಟು, ಕೈಗೊಂದು ಬೆತ್ತ. ಬೂರುಗದ ಮರದ ಕೆಳಗೆ ನಿಂತು, "ಶಾಲೆ ಎಲ್ಲಿತ್ತು?" ಅಂತ ಕೇಳಿದ್ಲು.

"ನಿಮ್ಮ ಕಾಲಡಿ ಐತಲ್ಲ ಬೂದಿ, ಅದೇ," ಅಂದ್ಲು ತಾಳೆ ಎಣ್ಣೆ ಮಾರೋ ಅಕ್ಕ.

"ಮಕ್ಕಳು?"

"ಬಾಗಿಲ ಹಿಂದೆ."

"ಹಾಗಾದ್ರೆ ಶುರು ಮಾಡೋಣ. ಹಲಗೆ ಬೇಕು. ಕೂರೋದಕ್ಕೆ, ಬರೆಯೋದಕ್ಕೆ."

ತಾತ ಕೆರಳಿದ. "ಹಲಗೆಯಂತೆ ಹಲಗೆ. ಕಾಡಿಗೆ ಹೋಗಿ ಯಾವ ಮರಕ್ಕಾದ್ರೂ ಗರಗಸ ಇಟ್ಟು ನೋಡಮ್ಮ. ಮರದೊಳಗೆಲ್ಲ ಗುಂಡು ಕೂತವೆ. ನನ್ನ ಗರಗಸದಲ್ಲಿ ಉಳಿದಿರೋ ಹಲ್ಲು ನನ್ನ ಬಾಯಲ್ಲಿರೋದಕ್ಕಿಂತ ಕಮ್ಮಿ."

ಅಕ್ಷರದಮ್ಮ ಬೀದಿ ಕಡೆ ನೋಡಿದ್ಲು. ಈ ತುದಿಯಿಂದ ಆ ತುದಿವರೆಗೂ ಮುಚ್ಚಿದ ಬಾಗಿಲು. "ಇಷ್ಟೊಂದು ಹಲಗೆ ನಿಂತಿದಾವಲ್ಲ," ಅಂದ್ಲು.

ಬೂರುಗದ ಕಾಯಿ ಒಡೆದು ಹತ್ತಿ ಹಾರ್ತಾ ಇತ್ತು. ಕೊನೆಗೆ ಎಣ್ಣೆ ಅಕ್ಕ ಬಾಯಿ ಬಿಟ್ಲು. "ನನ್ನ ಬಾಗಿಲು ಕೋವಿ ತಡೀಲಿಲ್ಲ. ತೆಗೀಬೇಕಾದೋರಿಗೆ ತೆಗೀಲೂ ಇಲ್ಲ. ಈಗ ಅದು ಕಾಯ್ತಿರೋದು ಅರ್ಧ ಡಬ್ಬ ಎಣ್ಣೆ. ತಗೊಂಡ್ ಹೋಗಿ. ಹುಡುಗ್ರು ಅದ್ರ ಮೇಲೆ ಕುಂಡಿ ಊರ್ಲಿ."

ಎದ್ದು ಹೋಗಿ ತನ್ನ ಬಾಗಿಲ ಮುಂದೆ ನಿಂತ್ಲು. ತನ್ನ ಬಾಗಿಲನ್ನ ತಾನೇ ತಟ್ಟಿದ್ಲು. "ಯಾರದು?" ಅಂತ ತಾನೇ ಕೇಳಿದ್ಲು. "ನಾನು," ಅಂತ ತಾನೇ ಹೇಳಿದ್ಲು. ತನ್ನ ಸ್ವರ ತನಗೆ ಗುರುತು ಹತ್ತಿದ ಮೇಲೆ ಕದ ಎತ್ತಿ ಹೆಗಲಿಗೆ ಹಾಕ್ಕೊಂಡ್ಲು.

ಅವಳು ಮಾಡಿದ್ದನ್ನ ನೋಡಿ ಪಕ್ಕದ ಮನೆಯೋನು ಮಾಡಿದ. ಅವನನ್ನ ನೋಡಿ ಅದರ ಪಕ್ಕದೋರು. ತಾವೇ ತಟ್ಟೋದು, ತಾವೇ ಕೇಳೋದು, ತಾವೇ "ನಾನು" ಅನ್ನೋದು. ಕೆಲವರಿಗೆ ತಮ್ಮ ಗುರುತು ತಮಗೆ ಹತ್ತೋಕೇ ಹೊತ್ತು ಹಿಡೀತು. ಬಾಗಿಲ ಮುಂದೆ ನಿಂತು ಅತ್ತೋರೂ ಉಂಟು. ಆದ್ರೂ ಎತ್ತಿದ್ರು, ಹೊತ್ಕೊಂಡು ಬಂದ್ರು.

ಬೆಂಚು ಮಾಡೋಕೆ ತಾತನೇ ಬೇಕು. "ಹುಟ್ಟಿಸಿದೋನ ಕೈಲೇ ಕಾಲು ಮುರಿಸ್ತೀರಲ್ಲೋ," ಅಂತ ಬೈಕೊಂಡೇ ಉಳಿ ಹಿಡಿದ. ಬೈದ ಅಂತ ಕೆಲಸ ಕೆಡಿಸಲಿಲ್ಲ. ನಿಂತಿದ್ದ ಬಾಗಿಲುಗಳೆಲ್ಲ ಬೂರುಗದ ಕೆಳಗೆ ಸಾಲಾಗಿ ಮಲಗಿದ್ವು. ಬಾಗಿಲಿಲ್ಲದ ಮನೇಲಿ ಮಕ್ಕಳನ್ನ ಕೂಡಿಹಾಕೋದು ಅಂದ್ರೆ ಜರಡೀಲಿ ನೀರು ನಿಲ್ಲಿಸಿದಂಗೆ. ಬಳ ಬಳ ಅಂತ ಹೊರಗೆ ಬಂದ್ರು. ಮೀಸೆ ಬಂದೋರೂ ಬಂದ್ರು. ಕೋವಿ ಹೊತ್ತು ಹೊತ್ತು ಒಂದು ಹೆಗಲು ಇಳಿದಿದ್ದ ಹುಡುಗ್ರು, ಪುಟ್ಟ ಮಕ್ಕಳ ಪಕ್ಕ, ಮಂಡಿ ಕಿವಿಗೆ ತಾಗೋ ಹಂಗೆ ಕೂತ್ರು.

ಕೂರೋದೇನೋ ಆಯ್ತು. ಬರೆಯೋಕೆ? ಅಕ್ಷರದಮ್ಮ ನೆಲದ ಮೇಲೆ ಬರೆದ್ಲು. ಗಾಳಿ ಅಳಿಸ್ತು. ಮತ್ತೆ ಬರೆದ್ಲು. ಮೇಕೆ ತುಳೀತು. ಊರೋರೆಲ್ಲ ಒಂದೇ ಕಡೆ ತಿರುಗಿ ನೋಡೋಕೆ ಶುರು ಮಾಡಿದ್ರು. ಊರಲ್ಲಿ ಇನ್ನೂ ನಿಂತಿದ್ದ ಬಾಗಿಲು ಒಂದೇ ಒಂದು, ತಾತನ ಮನೇದು.

"ಏನು ನೋಡ್ತೀರಾ?" ಅಂದ ತಾತ. "ಅದು ಕೊಡೋ ಬಾಗಿಲಲ್ಲ. ಅದ್ರ ಸಮದ ಮರ ಈಗ ಹುಟ್ಟಲ್ಲ. ಅದಕ್ಕೆ ಇದ್ದಿಲು ಬಳಿದ್ರೆ ನಿಮ್ಮ ಕೈಗೆ ಕುಷ್ಠ ಬರ್ತದೆ."

ಎಣ್ಣೆ ಅಕ್ಕನಿಗೆ ಗೊತ್ತು. ಅಕ್ಷರದಮ್ಮನನ್ನ ಪಕ್ಕಕ್ಕೆ ಕರೆದು ಹೇಳಿದ್ಲು. "ಬಲವಂತ ಮಾಡಬೇಡಿ ಅಮ್ಮ. ಮನೆಗಳಿಗೆ ಬಾಗಿಲಿಲ್ಲ ಈಗ. ತಟ್ಟದೆ ಒಳಗೆ ಬರಂಗಿಲ್ಲ, ತಟ್ಟೋಕೆ ಬಾಗಿಲೇ ಇಲ್ಲ. ಆಚೆ ದಡದೋರು ಬಂದು ಬೀದೀಲಿ ನಿಂತು ನೋಡಿ ವಾಪಸ್ ಹೋಗ್ತಾರೆ. ಮೊಮ್ಮಗಳು ಬಂದ್ರೆ ತಟ್ಟೋಕೆ ಅದೊಂದೇ ಉಳಿದಿರೋದು."

ಅಕ್ಷರದಮ್ಮ ಆಮೇಲೆ ಕೇಳಲಿಲ್ಲ. ನೆಲದ ಮೇಲೆ ಬರೆದ್ಲು, ಗಾಳಿ ಅಳಿಸ್ತು, ಮತ್ತೆ ಬರೆದ್ಲು.

ಕೇಳಿದ್ದು ಒಂದು ಪುಟ್ಟ ಹುಡುಗಿ. ಮಕ್ಕಳೆಲ್ಲ ಶಾಲೆಗೆ ಓಡ್ತಿದ್ದೋರು ತಾತನ ಮನೆ ಹತ್ರ ಬಂದಾಗ ಬೀದಿಯ ಆಚೆ ಮಗ್ಗುಲಿಗೆ ಸರಿದು ಓಡ್ತಿದ್ರು. ತಾತ ಅದನ್ನ ಕಂಡ. ಜಗಲಿ ಮೇಲಿಂದ ಗದರಿಸಿದ. "ಏ ಬಾರೇ ಇಲ್ಲಿ. ನಾನೇನು ಕಚ್ತೀನಾ?"

ಹುಡುಗಿ ಮೂಗು ಒರೆಸ್ಕೊಂಡ್ಲು. "ನೀನಲ್ಲ. ಅದು," ಅಂತ ಬಾಗಿಲು ತೋರಿಸಿದ್ಲು. "ಅದು ಕೋವಿ ಮನೆ."

"ಯಾವಳೇ ಹೇಳಿದೋಳು?"

"ಕೋವಿ ಕಾಲದಲ್ಲಿ ಎಲ್ಲಾ ಮನೆನೂ ಹಿಂಗೇ ಮುಚ್ಚಿರ್ತಿತ್ತಂತೆ. ಒಳಗೆ ಯಾರನ್ನ ಬಚ್ಚಿಟ್ಟಿದೀಯ ತಾತ?"

"ಯಾರೂ ಇಲ್ಲ."

"ಮತ್ತೆ ಯಾಕೆ ಮುಚ್ಚಿದೀಯ?"

ಹುಡುಗಿ ಹೋದ ಮೇಲೆ ಇಡೀ ಮಧ್ಯಾಹ್ನ ಆ ಬಾಗಿಲನ್ನ ಹೊರಗಡೆಯಿಂದ ನೋಡ್ತಾ ಕೂತ. ಇಷ್ಟು ವರ್ಷ ಒಳಗಡೆಯಿಂದಲೇ ನೋಡಿದ್ದು ಅವನು. ಕೋವಿ ಕಾಲದಿಂದ ತಪ್ಪಿಸ್ಕೊಂಡು ಬರೋ ಮೊಮ್ಮಗಳಿಗೆ ಇದು ಹೆಂಗೆ ಕಾಣ್ತದೆ ಅನ್ನೋದು ಆವತ್ತು ಹೊಳೀತು. ಮುಚ್ಚಿದ ಬಾಗಿಲ ಹತ್ರ ಅವಳೂ ಬೀದಿಯ ಆಚೆ ಮಗ್ಗುಲಲ್ಲೇ ಓಡಿ ಹೋಗ್ತಾಳೆ.

ಬೆಳಗ್ಗೆ ಎದ್ದೋನೇ ಬಾಗಿಲು ತಟ್ಟಿದ. "ಯಾರದು?" ಅಂದ. "ನಾನು," ಅಂದ. ಗುರುತು ಹತ್ತಿತು.

ಮೀಸೆ ಹುಡುಗ್ರು ನಾಕು ಜನ ಸೇರಿ ಹೊತ್ಕೊಂಡು ಬಂದ್ರು. ಅಡ್ಡಕ್ಕೆ ನಿಲ್ಲಿಸೋಕೆ ಹೋದ್ರು, ತಾತ ಅಬ್ಬರಿಸಿದ. "ಅಡ್ಡ ಅಲ್ಲ. ಉದ್ದ. ಬಾಗಿಲು ಅಂದ್ರೆ ನಿಲ್ಲಬೇಕು."

"ತಾತ, ಇದು ಬರೆಯೋ ಹಲಗೆ," ಅಂದ್ಲು ಅಕ್ಷರದಮ್ಮ.

"ನಿಂಗೆ ಬರೆಯೋದು ಗೊತ್ತು. ನಂಗೆ ನಿಲ್ಲಿಸೋದು ಗೊತ್ತು."

ಎರಡು ಕಂಬ ನೆಟ್ಟ. ಕೆಳಗೆ ಹೊಸ್ತಿಲು ಹಾಸಿದ. ಕೀಲು ಕೂರಿಸಿದ, ಅಗಳಿ ಇಟ್ಟ. ಒಳಮೈ ಬೆಂಚಿನ ಕಡೆಗೆ, ಹೊರಮೈ ಹೊಳೆ ದಾರಿ ಕಡೆಗೆ. ಮಿಕ್ಕ ಮೂರು ಕಡೆ ಗೋಡೆ ಇಲ್ಲ, ಬಾಗಿಲ ಅಕ್ಕಪಕ್ಕವೂ ಗೋಡೆ ಇಲ್ಲ. ಬಯಲಲ್ಲಿ ಬಾಗಿಲೊಂದೇ. ತಳ್ಳಿದ್ರೆ ಕಿರ್ ಅಂತ ತೆಗೀತದೆ, ಆಚೆ ಹೊಳೆ ಕಾಣ್ತದೆ. ಊರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕಿತು. "ತಾತ, ಬಿರುಗಾಳಿ ಬಂದಿತ್ತಾ?" ಅಂದ್ಲು ಎಣ್ಣೆ ಅಕ್ಕ. ಕೋವಿ ಕಾಲ ಮುಗಿದ ಮೇಲೆ ಊರು ನಕ್ಕಿದ್ದು ಅದೇ ಮೊದಲು. ತಾತ ನಗಲಿಲ್ಲ. ಒಳಮೈಗೆ ಮರಗೆಣಸಿನ ಗಂಜೀಲಿ ಇದ್ದಿಲು ಕಲಸಿ ತಾನೇ ಬಳಿದ. ಹೊರಮೈ ಮುಟ್ಟೋಕೆ ಯಾರಿಗೂ ಬಿಡಲಿಲ್ಲ.

ಅಕ್ಷರದಮ್ಮ ಒಣಗಿದ ಮರಗೆಣಸಿನ ತುಂಡು ತಗೊಂಡು ಕಪ್ಪು ಬಾಗಿಲ ಮೇಲೆ ದೊಡ್ಡದಾಗಿ "ಅ" ಅಂತ ಬರೆದ್ಲು. ಎಲ್ಲಾರೂ ನೋಡ್ಲಿ ಅಂತ ಬೆತ್ತದಲ್ಲಿ ಅದ್ರ ಮೇಲೆ ಎರಡು ಸಲ ಬಡಿದ್ಲು, ಟಕ್ ಟಕ್.

ಬೆಂಚಿನ ಮೇಲಿದ್ದ ಅಷ್ಟೂ ಮಕ್ಕಳು ಒಂದೇ ಉಸಿರಲ್ಲಿ, "ಯಾರದು?"

ಅಕ್ಷರದಮ್ಮ ಬೆಚ್ಚಿಬಿದ್ಲು. ಬೇರೆ ಸೀಮೆಯೋಳಲ್ವಾ. "ಏನು ಹಾಗಂದ್ರೆ?" ಅಂತ ತಾತನ ಕಡೆ ತಿರುಗಿದ್ಲು.

"ಬಾಗಿಲು ತಟ್ಟಿದ್ಯಲ್ಲಮ್ಮ. ಕೇಳ್ತಾವ್ರೆ. ಹೇಳು."

ಅವಳು ಆ ಅಕ್ಷರವನ್ನೂ ಮಕ್ಕಳನ್ನೂ ನೋಡಿದ್ಲು. ಆಮೇಲೆ ಅಕ್ಷರದ ಪಕ್ಕಕ್ಕೆ ಸರಿದು, ಅದ್ರ ಪರವಾಗಿ, "ನಾನು," ಅಂದ್ಲು. ಹೆಸರು ಹೇಳಲಿಲ್ಲ.

ಮಕ್ಕಳು ಕಣ್ಣು ಕಿರಿದು ಮಾಡಿ ನೋಡಿದ್ರು. ನೆಲದ ಮೇಲೆ ಅಷ್ಟು ದಿನ ಗಾಳಿ ಅಳಿಸಿದ್ದ ಮುಖ ಅದು. "ಅ," ಅಂತ ಯಾರೋ ಅಂದ್ರು. "ಅ," ಅಂತ ಎಲ್ಲಾರೂ ಅಂದ್ರು. ಗುರುತು ಹತ್ತಿತು. ಅವಳು ಅಗಳಿ ಸರಿಸಿ ಬಾಗಿಲು ತೆಗೆದ್ಲು. ಹೊಳೆ ಗಾಳಿ ಒಳಗೆ ಬಂತು.

ಅಲ್ಲಿಂದಾಚೆಗೆ ಪಾಠ ಅಂದ್ರೆ ಅದೇ. ಟಕ್ ಟಕ್. ಯಾರದು? ನಾನು. ಗುರುತು ಹತ್ತಿದ ಅಕ್ಷರ ಒಳಗೆ ಬರೋದು, ಹತ್ತದ್ದು ಹೊರಗೇ ನಿಂತು ನಾಳೆ ಬರೋದು. ತಾತ ಬೂರುಗದ ಬೇರಿನ ಮೇಲೆ ಉಳಿ ಮಸೀತಾ ಕೂತಿರ್ತಿದ್ದ. "ಪಾಠ ಕೇಳೋಕೆ ಬಂದಿಲ್ಲ ನಾನು. ಬಾಗಿಲು ಕಾಯೋಕೆ ಬಂದಿರೋದು," ಅನ್ನೋನು. ಉಳಿಗಳೇನೋ ಮಸೆದು ಮಸೆದು ಸಣ್ಣಗಾದ್ವು. ಒಂದು ದಿನ "ಠ" ಬಂದು ಬಾಗಿಲು ತಟ್ಟಿತು. ಮಕ್ಕಳಿಗೆ ಯಾರಿಗೂ ಗುರುತು ಹತ್ತಲಿಲ್ಲ. ತಾತ ಕೂತಲ್ಲಿಂದಲೇ, "ಲೋ, ಮೊಳೆ ತಲೆ ಕಣ್ರೋ ಅದು. ಠ," ಅಂದುಬಿಟ್ಟ. ಆಮೇಲೆ ಕೆಮ್ಮಿದಂಗೆ ಮಾಡಿದ.

ಮಳೆಗಾಲ ಬಂತು, ತಾಳೆಗರಿ ಹೊದಿಸಿದ್ರು. ಮಳೆಗಾಲ ಹೋಯ್ತು. ಬೂರುಗದ ಕಾಯಿ ಮತ್ತೆ ಒಡೆದು ಊರ ತುಂಬ ಹತ್ತಿ ಹಾರಿತು. ಅಂಥ ಒಂದು ಬೆಳಗ್ಗೆ ಅಕ್ಷರದಮ್ಮ ಬಾಗಿಲ ಮೇಲೆ ಬರೆಯೋಕೆ ಕೈ ಎತ್ತಿದ್ದಳು. ಇನ್ನೂ ಬರೆದಿಲ್ಲ. ಬೆತ್ತ ನೆಲದ ಮೇಲೇ ಇತ್ತು.

ಧಡ್ ಧಡ್.

ಆಚೆ ಕಡೆಯಿಂದ. ಕೆಳಗಡೆಯಿಂದ.

"ಯಾರದು?" ಅಂದ್ರು ಮಕ್ಕಳು, ಅಭ್ಯಾಸ ಬಲ.

ಬಾಗಿಲಾಚೆ ಯಾರೋ ಉಸಿರು ಎಳ್ಕೊಂಡಿದ್ದು ಕೇಳಿಸ್ತು. ಆಮೇಲೆ ಒಂದು ದೊರಗು ಹೆಣ್ಣು ಸ್ವರ. "ನಾನು."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಅಕ್ಷರದಮ್ಮ ಎಣ್ಣೆ ಅಕ್ಕನ ಮುಖ ನೋಡಿದ್ಲು. ಅಕ್ಕ ತಲೆ ಅಲ್ಲಾಡಿಸಿದ್ಲು. ಯಾರಿಗೂ ಗುರುತು ಹತ್ತಲಿಲ್ಲ. ತಾತ ಎದ್ದು ನಿಂತಿದ್ದ. ಕೈಯಿಂದ ಉಳಿ ಬಿದ್ದಿತ್ತು. ಸಾವಿರದಲ್ಲಿ ಒಂದು ಹೆಕ್ಕೋ ಕಿವಿ ಅಂತ ಜಂಬ ಕೊಚ್ಚಿದ ಕಿವಿ, ಆ ಸ್ವರವನ್ನ ಹಿಂದೆ ಮುಂದೆ ಮಾಡಿ ನೋಡ್ತು. ಇಲ್ಲ. ಈ ಸ್ವರ ಅವನು ಯಾವತ್ತೂ ಕೇಳಿದ್ದಲ್ಲ. ಕಟ್ಟಳೆ ಪ್ರಕಾರ ಮಾತು ಅಲ್ಲಿಗೆ ಮುಗೀತು. ಆಚೆ ಕಡೆ ಒಣ ಎಲೆ ಸದ್ದಾಯ್ತು, ತಿರುಗಿ ಹೋಗೋಕೆ ಕಾಲು ಎತ್ತಿದಂಗೆ.

ತಾತ ಬಾಗಿಲ ಹತ್ರ ಬಂದ. ಗಂಟಲು ಸರಿ ಮಾಡ್ಕೊಂಡ.

"ಕಾಲಲ್ಲಿ ಒದೀಬೇಡ ಅಂತ ಎಷ್ಟು ಸಲ ಹೇಳಿದೀನಿ ನಿಂಗೆ?"

ಎಲೆ ಸದ್ದು ನಿಂತಿತು.

"ಕೈ ಖಾಲಿ ಇಲ್ಲ ತಾತ," ಅಂದಿತು ಆ ಸ್ವರ.

ಅವನು ಅಗಳಿ ತೆಗೆದ. ಎದುರಿಗೆ ಒಬ್ಬ ಬೆಳೆದ ಹೆಣ್ಣು ನಿಂತಿದ್ಲು. ಕೆನ್ನೆ ಮೇಲೆ ಗಾಯದ ಗೆರೆ. ತಲೆ ಮೇಲೆ ಬಿಂದಿಗೆ ಇಲ್ಲ. ಎರಡೂ ಕೈಯಲ್ಲಿ ಒಂದು ಮಗು. ಬಾಗಿಲ ಎಡಕ್ಕೂ ಬಲಕ್ಕೂ ಬಯಲು, ಸುತ್ತಿ ಬರಬಹುದಿತ್ತು, ಒಂದು ಹೆಜ್ಜೆ. ಬಂದಿರಲಿಲ್ಲ. ಹೊಸ್ತಿಲ ಆಚೆನೇ ಕಾದು ನಿಂತಿದ್ಲು.

"ದೋಣಿಯೋನು ಹೇಳ್ದ," ಅಂದ್ಲು. "ಈ ಊರಲ್ಲಿ ಮನೆಗಳಿಗೆ ಬಾಗಿಲಿಲ್ಲ, ಒಂದು ಬಾಗಿಲಿಗೆ ಮನೆ ಇಲ್ಲ ಅಂತ. ನಿನ್ನದೇ ಅಂದ್ಕೊಂಡೆ. ತಗ್ಗು ನೋಡಿದೆ." ಒಳಗಿನ ಬೆಂಚು, ಮಕ್ಕಳು, ಮೀಸೆ ಹುಡುಗ್ರನ್ನ ನೋಡಿದ್ಲು. "ಮನೆ ಎಲ್ಲಿ ತಾತ?"

"ಇದೇ ಕಣೇ. ಗೋಡೆ ಆಮೇಲೆ ಕಟ್ಟಿದ್ರಾಯ್ತು. ಒಳಗೆ ಬಾ."

ಬರಲಿಲ್ಲ ಅವಳು. "ಆಚೆ ದಡದಲ್ಲಿ ಇನ್ನೂ ಇದಾರೆ ತಾತ. ತುಂಬಾ ಜನ. ತಟ್ಟೋಕೆ ಬಾಗಿಲೊಂದು ಐತೆ ಅಂತ ಅವರಿಗೆ ಗೊತ್ತಿಲ್ಲ."

"ಬರ್ಲಿ. ಇಷ್ಟು ದಿನ ಬರೀ ಉಳಿ ಮಸ್ಕೊಂಡು ಕೂತಿದೀನಿ, ಬೆಂಚು ಮಾಡೋಕೆ ಬರಲ್ಲ ಅಂದ್ಕೊಂಡ್ಯಾ ನಂಗೆ? ಮೊದ್ಲು ನೀನು ಬಾ."

ಹೊಸ್ತಿಲು ದಾಟಿದ್ಲು. ಅಕ್ಷರದಮ್ಮ ಮೊದಲ ಬೆಂಚಲ್ಲಿ ಜಾಗ ಮಾಡಿಕೊಟ್ಲು. ಆ ಬೆಂಚು ಎಣ್ಣೆ ಅಕ್ಕನ ಬಾಗಿಲು, ಇನ್ನೂ ತಾಳೆ ಎಣ್ಣೆ ವಾಸನೆ ಹೊಡೀತಿತ್ತು. ಅಕ್ಕ ಮಗುವನ್ನ ಎತ್ಕೊಳ್ಳೋಕೆ ಕೈ ಚಾಚಿದ್ಲು, ಒಂದು ಗಳಿಗೆ ತಡೆದ್ಲು. ಮಗುವಿನ ಮುಖದಲ್ಲಿ ಊರಿನ ಯಾರ ಹೋಲಿಕೆನೂ ಇರಲಿಲ್ಲ. ಕೋವಿ ಹೊತ್ತಿದ್ದ ಯಾವನದೋ ಮಗು ಇರಬೇಕು. ಅದ್ರ ಅಪ್ಪ ಯಾರು ಅಂತ ಕೇಳೋ ಬಾಯಿ ಊರಲ್ಲಿ ಎಷ್ಟಿದ್ವೋ, ಅಷ್ಟೂ ಸುಮ್ಮನಿದ್ವು.

"ಇತ್ಲಾಗೆ ಕೊಡು," ಅಂತ ತಾತನೇ ಎತ್ಕೊಂಡ. ಬಾಗಿಲು ಮುಚ್ಚಿದ. ಕಪ್ಪು ಹಲಗೆ ಮುಂದೆ ಬಂತು. ಮಗು ಅದನ್ನ ನೋಡ್ತು. ಅದಕ್ಕೇನನಿಸ್ತೋ, ಅಂಗೈ ಬಿಡಿಸಿ ಪಟ್ ಪಟ್ ಅಂತ ಬಡೀತು.

"ಯಾರದು?" ಅಂತ ಇಡೀ ಶಾಲೆ ಕೇಳ್ತು.

ಮಗು ತಿರುಗಿ ಅಷ್ಟೊಂದು ಮುಖಗಳನ್ನ ನೋಡಿ, ಹಲ್ಲಿಲ್ಲದ ಬಾಯಿ ಬಿಟ್ಟು, "ಗಾ," ಅಂತು.

ಆ ಸ್ವರ ಯಾರಿಗೂ ಗುರುತು ಹತ್ತಲಿಲ್ಲ. ತಾತ ಬಾಗಿಲು ತೆಗೆದ.